ಬಾಲ ಆಡಲಿ, ಕೈ ಸುಮ್ಮನಿರಲಿ: ಬಾಸ್ ಮೀನಿಗೆ ಗ್ರಬ್ ಕಟ್ಟುವ ಬಗೆ

ಗೊಬ್ಬರದ ಗುಂಡಿ ಕೆದಕಿದಾಗ ಸಿಗುವ ಗೊಣ್ಣೆಹುಳು ನೋಡಿದ್ದೀರಲ್ವಾ? ಬೆಳ್ಳಗೆ, ದಪ್ಪಗೆ, ಮೈತುಂಬಾ ಉಂಗುರ ಉಂಗುರ. ಇಂಗ್ಲಿಷಿನಲ್ಲಿ ಅದಕ್ಕೆ ಗ್ರಬ್ ಅಂತಾರೆ. ಅಮೆರಿಕದಲ್ಲಿ ಬಾಸ್ ಮೀನು ಹಿಡಿಯುವವರ ಚೀಲದಲ್ಲಿ ಇರುವ ಮೆತ್ತನೆಯ ಪ್ಲಾಸ್ಟಿಕ್ ಹುಳುವಿಗೂ ಅದೇ ಹೆಸರು. ಮೈ ಥೇಟ್ ಗೊಣ್ಣೆಹುಳುವಿನದೇ. ಹಿಂದೆ ಮಾತ್ರ ಕುಡುಗೋಲಿನ ಹಾಗೆ ಬಾಗಿದ ತೆಳ್ಳನೆಯ ಬಾಲ ಇರುತ್ತದೆ. ಈ ಲೇಖನ ಆ ಬಾಲದ ಬಗ್ಗೆ.

ನಾನಿರುವುದು ಮಿಸೌರಿ ರಾಜ್ಯದ ದಕ್ಷಿಣದಲ್ಲಿ, ಓಝಾರ್ಕ್ ಗುಡ್ಡಗಳ ಹತ್ತಿರ. ವೈಟ್ ರಿವರ್ ಅನ್ನುವ ಹೊಳೆಗೆ ಇಲ್ಲಿ ಒಂದರ ಕೆಳಗೊಂದು ಅಣೆಕಟ್ಟು ಕಟ್ಟಿದ್ದಾರೆ. ಅದರಲ್ಲಿ ಟೇಬಲ್ ರಾಕ್ ಲೇಕ್ ನನಗೆ ಹತ್ತಿರದ್ದು. ಅದರ ಅಣೆಕಟ್ಟು ಮುಗಿದದ್ದು 1958ರಲ್ಲಿ. ನೀರು ತಿಳಿ. ಮುಳುಗಡೆಯಾದ ಸೀಡರ್ ಮರಗಳು ಇನ್ನೂ ನೀರಿನೊಳಗೆ ನಿಂತೇ ಇವೆ. ಈ ಭಾಗದಲ್ಲಿ ಚಳಿಗಾಲದ ಕೊನೆಗೆ ಗ್ರಬ್ ಎಳೆಯುವುದು ಹಳೆಯ ರೂಢಿ.

ಊರಿನಲ್ಲಿ ಕೆರೆ ಏರಿಯ ಮೇಲೆ ಕೂತು, ಎರೆಹುಳು ಚುಚ್ಚಿ, ಬೆಂಡು ಯಾವಾಗ ಮುಳುಗುತ್ತೋ ಅಂತ ಕಾದವನು ನಾನು. ಅಲ್ಲಿ ಹುಳು ಜೀವಂತ. ಅದರ ವಾಸನೆ, ಅದರ ಒದ್ದಾಟವೇ ಮೀನನ್ನು ಕರೆಯುತ್ತದೆ. ಇಲ್ಲಿ ಹುಳುವಿಗೆ ಜೀವ ಇಲ್ಲ. ಜೀವ ಬರುವುದು ನೀರು ಬಾಲದ ಮೇಲೆ ಹರಿದಾಗ ಮಾತ್ರ. ಇಷ್ಟು ಅರ್ಥವಾದರೆ ಉಳಿದಿದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಯಾವ ತೂಕ ಹಾಕಬೇಕು, ಎಲ್ಲಿ ಚುಚ್ಚಬೇಕು, ಎಷ್ಟು ನಿಧಾನ ಎಳೆಯಬೇಕು, ಎಲ್ಲವೂ ಆ ಬಾಲಕ್ಕಾಗಿ.

ಗ್ರಬ್ ತುಂಬಾ ಸುಲಭ, ಮಕ್ಕಳಿಗೂ ಬರುತ್ತೆ ಅಂತ ಹೇಳುವುದನ್ನು ಕೇಳಿದ್ದೇನೆ. ಚುಚ್ಚು, ಎಸೆ, ಸುತ್ತು. ಅದು ಸುಳ್ಳಲ್ಲ. ಹಾಗೆ ಮಾಡಿದರೂ ಒಂದೆರಡು ಮೀನು ಬೀಳುತ್ತವೆ. ಆದರೆ ಅದೇ ದಡದಲ್ಲಿ, ಅದೇ ಪ್ಯಾಕೆಟ್ಟಿನ ಗ್ರಬ್ ಹಿಡಿದು, ಒಬ್ಬರು ಹತ್ತು ಮೀನು ಹಿಡಿಯುತ್ತಾರೆ, ಪಕ್ಕದವರಿಗೆ ಒಂದೂ ಸಿಗುವುದಿಲ್ಲ. ವ್ಯತ್ಯಾಸ ಇರುವುದು ಸಣ್ಣ ಸಣ್ಣ ವಿಷಯಗಳಲ್ಲಿ.

ಮೊದಲು ಮೀನಿನ ಬಗ್ಗೆ

ಬಾಸ್ ಅಂದರೆ ಇಲ್ಲಿ ಮುಖ್ಯವಾಗಿ ಮೂರು ಮೀನು. ಲಾರ್ಜ್‌ಮೌತ್, ಸ್ಮಾಲ್‌ಮೌತ್, ಸ್ಪಾಟೆಡ್. ಹೆಸರು ಬಾಸ್ ಆದರೂ ಇವು ಸನ್‌ಫಿಶ್ ಕುಟುಂಬದವು. ಗುರುತಿಸುವುದು ಕಷ್ಟವಲ್ಲ. ಬಾಯಿ ಮುಚ್ಚಿದಾಗ ಮೇಲಿನ ದವಡೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿದ್ದರೆ ಅದು ಲಾರ್ಜ್‌ಮೌತ್. ದಾಟದಿದ್ದರೆ ಉಳಿದೆರಡರಲ್ಲಿ ಒಂದು. ಸ್ಪಾಟೆಡ್ ಬಾಸಿನ ನಾಲಿಗೆ ಮುಟ್ಟಿದರೆ ಸಾಮಾನ್ಯವಾಗಿ ಉಪ್ಪುಕಾಗದದ ಹಾಗೆ ಒರಟು.

ಲಾರ್ಜ್‌ಮೌತ್ ಕಸ, ಜೊಂಡು, ಬಿದ್ದ ಮರ ಇರುವ ಕಡೆ ಅಡಗಿರುತ್ತದೆ. ಸ್ಮಾಲ್‌ಮೌತ್‌ಗೆ ಕಲ್ಲು ಬೇಕು, ತಂಪು ಬೇಕು, ತಿಳಿನೀರು ಬೇಕು. ಸ್ಪಾಟೆಡ್ ಬಾಸ್ ತಳ ಬಿಟ್ಟು ನೀರಿನ ನಡುವೆ ಗುಂಪಾಗಿ ತೇಲುವುದು ಜಾಸ್ತಿ. ಗ್ರಬ್ ಮೂರಕ್ಕೂ ನಡೆಯುತ್ತದೆ. ಆದರೆ ನನ್ನ ಲೆಕ್ಕದಲ್ಲಿ ಇದು ಮೊದಲು ಸ್ಮಾಲ್‌ಮೌತ್ ಮತ್ತು ಸ್ಪಾಟೆಡ್ ಬಾಸಿನ ಗಾಳ. ತಿಳಿನೀರಿನಲ್ಲಿ ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಸಣ್ಣದಾಗಿ, ಸದ್ದಿಲ್ಲದೆ, ಒಂದೇ ಸಮ ಈಜುವ ವಸ್ತು ಬೇಕು.

ಬಾಸ್ ಬಾಯಿ ಹಾಕುವ ರೀತಿಯನ್ನೂ ತಿಳಿದಿರಬೇಕು. ಅದು ನಾಯಿಯ ಹಾಗೆ ಕಚ್ಚುವುದಿಲ್ಲ. ಬಾಯಿ ಅಗಲಿಸಿ, ಕಿವಿರು ತೆರೆದು, ನೀರಿನ ಸಮೇತ ಒಳಗೆ ಹೀರುತ್ತದೆ. ಬೇಡ ಅನಿಸಿದರೆ ಅದೇ ವೇಗದಲ್ಲಿ ಉಗುಳುತ್ತದೆ. ಗಟ್ಟಿ ಮರದ ತುಂಡಾದರೆ ತಕ್ಷಣ ಉಗುಳಬಹುದು. ಮೆತ್ತಗಿದ್ದರೆ ಒಂದು ಕ್ಷಣ ಜಾಸ್ತಿ ಹಿಡಿದುಕೊಳ್ಳುತ್ತದೆ. ಆ ಒಂದು ಕ್ಷಣಕ್ಕಾಗಿಯೇ ಮೆತ್ತನೆಯ ಪ್ಲಾಸ್ಟಿಕ್.

ಮೀನಿನ ಪಕ್ಕೆಯ ಉದ್ದಕ್ಕೂ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಕಾಣುತ್ತದಲ್ಲ, ಅದು ಬರೀ ಬಣ್ಣದ ಗೆರೆ ಅಲ್ಲ. ಅಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಹತ್ತಿರದ ನೀರಿನ ಅಲುಗಾಟ ಮೀನಿಗೆ ಅಲ್ಲಿಂದ ಗೊತ್ತಾಗುತ್ತದೆ. ಗ್ರಬ್ಬಿನ ಬಾಲ ಒಂದೇ ಲಯದಲ್ಲಿ ಪಟಪಟ ಆಡಿದರೆ ಆ ಗೆರೆಗೆ ಅದು ಒಂದು ಸಣ್ಣ ಮೀನು. ಲಯ ತಪ್ಪಿ, ಮೈಯೆಲ್ಲ ಗಿರಗಿರ ತಿರುಗಿದರೆ ಅದು ಮೀನೇ ಅಲ್ಲ.

ಹುಳು ಹೇಗೆ ಹುಟ್ಟಿತು

ಒಹಾಯೋದ ಆಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಅನ್ನುವವರು 1949ರಲ್ಲಿ ಪ್ಲಾಸ್ಟಿಕ್ ಎರೆಹುಳು ಮಾಡಿದರು. ಮೆತ್ತನೆಯ ಪ್ಲಾಸ್ಟಿಕ್ ಗಾಳಗಳ ಕಥೆ ಅಲ್ಲಿಂದಲೇ ಬೆಳೆದದ್ದು. ಆಡುವ ಬಾಲ ಮನೆಮಾತಾಗಿದ್ದು 1970ರ ದಶಕದಲ್ಲಿ, ಲೂಸಿಯಾನಾದ ಮಿಸ್ಟರ್ ಟ್ವಿಸ್ಟರ್ ಕಂಪನಿಯಿಂದ. ಆಮೇಲೆ ಅರಿಝೋನಾದ ಪೇಜ್ ಊರಿನ ಗ್ಯಾರಿ ಯಮಮೊಟೊ ಉಪ್ಪು ಬೆರೆಸಿದ ಗ್ರಬ್ಬಿಗೆ ಹೆಸರಾದರು. ಅದು ಲೇಕ್ ಪವೆಲ್ ಪಕ್ಕದ ಊರು. ಅಲ್ಲೂ ನೀರು ತಿಳಿ, ದಡವೆಲ್ಲ ಬಂಡೆ. ಇಂಥ ಕಡೆಯೇ ಗ್ರಬ್ ಬೇರೂರಿದ್ದು ಅಂದರೆ ಆಶ್ಚರ್ಯವೇನಿಲ್ಲ.

ವಸ್ತು ಏನು ಅಂದರೆ, ಪಿವಿಸಿ ಪುಡಿಯನ್ನು ಎಣ್ಣೆಯಂಥ ಒಂದು ದ್ರವದಲ್ಲಿ ಕಲಸಿರುತ್ತಾರೆ. ಅದನ್ನು ಸುಮಾರು 350 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ, ಅಂದರೆ 175 ಡಿಗ್ರಿ ಸೆಲ್ಸಿಯಸ್ ಹತ್ತಿರ, ಕಾಯಿಸಿ ಅಚ್ಚಿಗೆ ಹೊಯ್ಯುತ್ತಾರೆ. ಆರಿದ ಮೇಲೆ ರಬ್ಬರಿನ ಹಾಗಾಗುತ್ತದೆ. ಆ ದ್ರವ ಜಾಸ್ತಿಯಾದಷ್ಟೂ ಹುಳು ಮೆತ್ತಗೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಎಣ್ಣೆ ಹುಳುವಿನಲ್ಲೇ ಉಳಿಯುವುದಿಲ್ಲ. ಮೆಲ್ಲಗೆ ಹೊರಗೆ ಜಿನುಗುತ್ತದೆ. ಕೆಲವು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹಾಕಿಟ್ಟರೆ ಡಬ್ಬಿಯೇ ಕರಗಿ ಅಂಟಾಗುತ್ತದೆ. ಕಪ್ಪು, ಬಿಳಿ ಒಟ್ಟಿಗೆ ಇಟ್ಟರೆ ಬಿಳಿಗೆ ಬಣ್ಣ ಇಳಿಯುತ್ತದೆ. ಆದ್ದರಿಂದ ಬಂದ ಪ್ಯಾಕೆಟ್ಟಿನಲ್ಲೇ ಇಡಿ. ಬೇಸಿಗೆಯಲ್ಲಿ ಕಾರಿನೊಳಗೆ ಬಿಡಬೇಡಿ.

ಪ್ಯಾಕೆಟ್ಟಿನಲ್ಲಿ ಮಡಚಿಕೊಂಡು ಬಾಲ ಸೊಟ್ಟಗಾಗಿರುವುದು ಮಾಮೂಲು. ಸೊಟ್ಟ ಬಾಲ ಆಡುವುದಿಲ್ಲ. ಎಸೆಯಬೇಕಾಗಿಲ್ಲ. ಒಂದು ಲೋಟ ಕುದಿಬಿಸಿ ನೀರಿನಲ್ಲಿ ಕೆಲವು ಸೆಕೆಂಡು ಅದ್ದಿ, ಬಾಲ ಸಡಿಲವಾಗಿ ತನ್ನ ಆಕಾರಕ್ಕೆ ಬಂದ ಮೇಲೆ ತಣ್ಣೀರಿಗೆ ಹಾಕಿ. ಸರಿಹೋಗುತ್ತದೆ. ನಾನು ಹೊರಡುವ ಹಿಂದಿನ ರಾತ್ರಿ ಈ ಕೆಲಸ ಮುಗಿಸಿಕೊಳ್ಳುತ್ತೇನೆ.

ಉಪ್ಪು ಹಾಕಿದ ಗ್ರಬ್ ಭಾರ, ದೂರ ಹೋಗುತ್ತದೆ, ಬೇಗ ಮುಳುಗುತ್ತದೆ. ಆದರೆ ಬೇಗ ಹರಿಯುತ್ತದೆ. ಉಪ್ಪಿಲ್ಲದ್ದು ಹಗುರ, ಬಾಳಿಕೆ ಜಾಸ್ತಿ. ಕಲಿಯುವಾಗ ಉಪ್ಪಿಲ್ಲದ್ದೇ ಸಾಕು. ಉದ್ದ 4 ಇಂಚು ತಗೊಳ್ಳಿ. ಸಣ್ಣ ಹೊಳೆಯಲ್ಲಿ, ಅಥವಾ ನೀರು ತೀರಾ ತಣ್ಣಗಿದ್ದಾಗ 3 ಇಂಚು. ದೊಡ್ಡ ಮೀನೇ ಬೇಕು ಅನ್ನುವ ದಿನ 5.

ನೇರ ಚುಚ್ಚುವುದು

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಗ್ರಬ್ಬಿಗೆ ಜೊತೆ ಜಿಗ್‌ಹೆಡ್. ಅಂದರೆ ದಾರ ಕಟ್ಟುವ ಕಣ್ಣಿನ ಹತ್ತಿರ ಸೀಸದ ಅಥವಾ ಟಂಗ್‌ಸ್ಟನ್ನಿನ ಗುಂಡು ತಲೆ ಅಚ್ಚು ಹಾಕಿರುವ ಕೊಕ್ಕೆ. ತಲೆಯ ಹಿಂದೆ ಸಣ್ಣದೊಂದು ಕೊರಳು ಇರುತ್ತದೆ, ಹುಳು ಜಾರದಂತೆ ಹಿಡಿಯಲಿಕ್ಕೆ. 4 ಇಂಚಿನ ಗ್ರಬ್ಬಿಗೆ ಕೊಕ್ಕೆ 1/0ರಿಂದ 3/0 ಅಳತೆಯದ್ದು ಸರಿ (ಮೊದಲ ಅಂಕಿ ದೊಡ್ಡದಾದಷ್ಟೂ ಕೊಕ್ಕೆ ದೊಡ್ಡದು). ತಂತಿ ತೆಳ್ಳಗಿರಲಿ. ದಪ್ಪ ತಂತಿ ಮೀನಿನ ಬಾಯಿಗೆ ಹೋಗಬೇಕಾದರೆ ಜೋರಾಗಿ ಎಳೆಯಬೇಕು, ತೆಳ್ಳನೆಯ ದಾರ ಆ ಎಳೆತ ತಡೆಯುವುದಿಲ್ಲ.

ಮೊದಲು ಚುಚ್ಚಬೇಡಿ. ಜಿಗ್‌ಹೆಡ್ಡನ್ನು ಗ್ರಬ್ಬಿನ ಪಕ್ಕ ಹಿಡಿದು ಅಳೆಯಿರಿ. ತಲೆಯ ಹಿಂಭಾಗ ಹುಳುವಿನ ಮೂತಿಗೆ ಸಮ ಇರಲಿ. ಕೊಕ್ಕೆ ಬಾಗುವ ಜಾಗ ಮೈಮೇಲೆ ಎಲ್ಲಿಗೆ ಬರುತ್ತದೆ ನೋಡಿ. ಅಲ್ಲೇ ಮೊನೆ ಹೊರಗೆ ಬರಬೇಕು. ಉಗುರಿನಿಂದ ಒಂದು ಗುರುತು ಮಾಡಿಕೊಳ್ಳಿ.

ಈಗ ಹುಳುವನ್ನು ಬೆಳಕಿಗೆ ಹಿಡಿಯಿರಿ. ಅಚ್ಚಿನ ಎರಡು ಭಾಗ ಕೂಡಿದ ಕಡೆ ಬೆನ್ನಿನ ಮೇಲೆ, ಹೊಟ್ಟೆಯ ಮೇಲೆ ಕೂದಲಿನಷ್ಟು ತೆಳ್ಳನೆಯ ಗೆರೆ ಕಾಣಬಹುದು. ಅದೇ ನಡುಗೆರೆ. ಮೂತಿಯ ನಟ್ಟನಡುವೆ ಮೊನೆ ಇಟ್ಟು ಒಳಗೆ ನೂಕಿ. ಕೊಕ್ಕೆಯನ್ನು ತಳ್ಳುವುದಕ್ಕಿಂತ ಹುಳುವನ್ನು ಕೊಕ್ಕೆಯ ಮೇಲೆ ಏರಿಸಿ, ಮಲ್ಲಿಗೆ ಮೊಗ್ಗನ್ನು ಸೂಜಿಗೆ ಪೋಣಿಸಿದ ಹಾಗೆ. ಗುರುತು ಬಂದಾಗ ಮೊನೆಯನ್ನು ನಡುಗೆರೆಯ ಮೇಲೆಯೇ ಹೊರಗೆ ತೆಗೆಯಿರಿ. ಕೊನೆಗೆ ಮೂತಿಯನ್ನು ಕೊರಳು ದಾಟಿಸಿ ತಲೆಗೆ ಅಂಟುವ ಹಾಗೆ ಒತ್ತಿ.

ಈಗ ಎದುರಿನಿಂದ ನೋಡಿ. ಮೈ ನೇರವಾಗಿದೆಯಾ? ಎಲ್ಲಾದರೂ ಗಂಟು ಕಟ್ಟಿದ ಹಾಗೆ ಉಬ್ಬಿದೆಯಾ? ಉಬ್ಬಿದ್ದರೆ ಮೊನೆ ತೀರಾ ಹಿಂದೆ, ಬಾಲದ ಕಡೆ ಹೊರಬಂದಿದೆ. ಮೈ ಜಗ್ಗಿಕೊಂಡು ಬಿಲ್ಲಿನ ಹಾಗೆ ಬಾಗಿದ್ದರೆ ತೀರಾ ಮುಂದೆ, ಮೂತಿಯ ಕಡೆ ಬಂದಿದೆ. ಎರಡರಲ್ಲಿ ಯಾವುದಾದರೂ ತೆಗೆದು ಮತ್ತೆ ಚುಚ್ಚಿ. ಸುಮ್ನೆ ಇರಲಿ ಬಿಡು ಅನ್ನಬೇಡಿ.

ಯಾಕೆ ಇಷ್ಟು ಕಟ್ಟುನಿಟ್ಟು? ಮೈ ಸ್ವಲ್ಪ ಬಾಗಿದರೂ ಎಳೆಯುವಾಗ ನೀರು ಒಂದು ಪಕ್ಕಕ್ಕೆ ಜಾಸ್ತಿ ಒತ್ತುತ್ತದೆ. ಗ್ರಬ್ ತಿರುಗಲು ಶುರುಮಾಡುತ್ತದೆ. ಒಂದು ಎಸೆತಕ್ಕೆ ಹತ್ತಾರು ಸುತ್ತು. ಆ ತಿರುಚು ಎಲ್ಲಾ ದಾರಕ್ಕೆ ಏರುತ್ತದೆ. ಸ್ವಲ್ಪ ಹೊತ್ತಿನಲ್ಲಿ ರೀಲಿನಿಂದ ದಾರ ಗುಂಗುರು ಗುಂಗುರಾಗಿ ಹೊರಗೆ ಬರುತ್ತದೆ, ಸಿಕ್ಕು ಬೀಳುತ್ತದೆ. ನನ್ನ ಮೊದಲ ವರ್ಷ ಹೀಗೇ ಕಳೆಯಿತು. ರೀಲ್ ಕೆಟ್ಟಿದೆ ಅಂದುಕೊಂಡು ಹೊಸದು ತಂದೆ. ಅದರಲ್ಲೂ ಅದೇ. ದೋಣಿಕಟ್ಟೆಯ ಹತ್ತಿರ ಮೀನು ಹಿಡಿಯುತ್ತಿದ್ದ ಹಿರಿಯರೊಬ್ಬರು ನನ್ನ ಗ್ರಬ್ ಕೈಗೆ ತಗೊಂಡು, ಏನೂ ಹೇಳದೆ ಬಿಚ್ಚಿ, ನಡುಗೆರೆಗೆ ಸರಿಯಾಗಿ ಚುಚ್ಚಿ ವಾಪಸ್ ಕೊಟ್ಟರು. ಆಮೇಲೆ ಆ ದಿನ ದಾರ ಸಿಕ್ಕಾಗಲಿಲ್ಲ. ಮೀನೂ ಬಂತು. ಅವರು ಇನ್ನೊಂದು ಅಭ್ಯಾಸವನ್ನೂ ತೋರಿಸಿದರು. ಪ್ರತಿ ಸಲ ಹೊಸ ಗ್ರಬ್ ಕಟ್ಟಿದಾಗ ದೂರ ಎಸೆಯುವ ಮೊದಲು ಕಾಲ ಬುಡದಲ್ಲೇ ನೀರಿಗೆ ಇಳಿಸಿ, ಒಂದು ಮಾರು ಎಳೆದು ನೋಡಬೇಕು. ಮೈ ಸ್ಥಿರವಾಗಿ, ಬಾಲ ಮಾತ್ರ ಆಡಬೇಕು. ಮೂರು ಸೆಕೆಂಡಿನ ಕೆಲಸ. ಇವತ್ತಿಗೂ ನಾನು ಬಿಟ್ಟಿಲ್ಲ.

ಬಾಲ ಮೇಲಕ್ಕಿರಬೇಕಾ, ಕೆಳಕ್ಕಾ ಅನ್ನುವ ವಾದ ಮುಗಿಯುವುದಿಲ್ಲ. ನಾನು ಬಾಲದ ತುದಿ ಕೊಕ್ಕೆಯ ಮೊನೆಗೆ ವಿರುದ್ಧವಾಗಿ, ಕೆಳಮುಖವಾಗಿ ಇರುವ ಹಾಗೆ ಚುಚ್ಚುತ್ತೇನೆ. ಎಸೆಯುವಾಗ ಬಾಲ ಕೊಕ್ಕೆಗೆ ಸುತ್ತಿಕೊಳ್ಳುವುದು ಇದರಿಂದ ಕಡಿಮೆ. ಮೇಲ್ಮುಖವಾಗಿ ಚುಚ್ಚಿ ಚೆನ್ನಾಗಿ ಹಿಡಿಯುವವರನ್ನೂ ನೋಡಿದ್ದೇನೆ. ಮೀನಿಗೆ ಇದರಿಂದ ವ್ಯತ್ಯಾಸ ಆಗುತ್ತದೆ ಅಂತ ನನಗೆ ಅನಿಸಿಲ್ಲ. ಮೇಲೋ ಕೆಳಗೋ ಒಂದು ಕಡೆ ಇರಲಿ. ಪಕ್ಕಕ್ಕೆ ಮಾತ್ರ ತಿರುಗಿರಬಾರದು.

ಹುಳು ಪದೇ ಪದೇ ಕೆಳಗೆ ಜಾರುತ್ತಿದ್ದರೆ ತಲೆಯ ಹಿಂದೆ ಒಂದು ಹನಿ ಸೂಪರ್‌ಗ್ಲೂ ಹಾಕಿ.

ಕಾಲು, ಅರೆಕಾಲು, ವೀಸ

ಜಿಗ್‌ಹೆಡ್ಡಿನ ತೂಕ ಔನ್ಸಿನ ಭಾಗಗಳಲ್ಲಿ ಬರುತ್ತದೆ. 1/4, 1/8, 1/16. ನಮ್ಮ ಹಳೆಯ ಮಗ್ಗಿಯ ಕಾಲು, ಅರೆಕಾಲು, ವೀಸ ಇವೇ. ಕಾಲು ಔನ್ಸ್ ಅಂದರೆ ಸುಮಾರು 7 ಗ್ರಾಂ. ಅರೆಕಾಲು ಮೂರೂವರೆ ಗ್ರಾಂ. ವೀಸ ಎರಡು ಗ್ರಾಂ ಕೂಡ ಇಲ್ಲ.

ಎಷ್ಟು ತೂಕ ಅನ್ನುವುದು ಬರೀ ಎಸೆಯುವ ದೂರದ ಪ್ರಶ್ನೆ ಅಲ್ಲ. ಇಲ್ಲಿ ಮೂರು ವಿಷಯ ಒಂದಕ್ಕೊಂದು ಕಟ್ಟಿಕೊಂಡಿವೆ: ತೂಕ, ಆಳ, ವೇಗ. ಎಳೆಯುವಾಗ ನೀರಿನ ಒತ್ತಡ ಗ್ರಬ್ಬನ್ನು ಮೇಲಕ್ಕೆ ಎತ್ತುತ್ತದೆ, ತೂಕ ಕೆಳಕ್ಕೆ ಜಗ್ಗುತ್ತದೆ. ಎರಡೂ ಸಮವಾದಾಗ ಗ್ರಬ್ ಒಂದೇ ಆಳದಲ್ಲಿ ಈಜುತ್ತದೆ. ತಲೆ ಭಾರವಾದರೆ ಆ ಆಳದಲ್ಲಿ ಉಳಿಸಿಕೊಳ್ಳಲು ನೀವು ಜೋರಾಗಿ ಸುತ್ತಲೇಬೇಕು. ಮೀನಿಗೆ ನಿಧಾನ ಬೇಕಾದ ದಿನ ಇದೇ ತೊಂದರೆ. ನಿಧಾನ ಮಾಡಿದರೆ ಗ್ರಬ್ ತಳಕ್ಕೆ ಬೀಳುತ್ತದೆ, ತಳಕ್ಕೆ ಬೀಳಬಾರದು ಅಂತ ಜೋರು ಮಾಡಿದರೆ ಮೀನು ಬರುವುದಿಲ್ಲ. ಪರಿಹಾರ ಕೈಯಲ್ಲಿಲ್ಲ, ತಲೆಯ ತೂಕದಲ್ಲಿದೆ. ಹಗುರ ಮಾಡಿ.

ಗ್ರಬ್ಬಿನಲ್ಲಿ ನಾನು ಕಾಣುವ ದೊಡ್ಡ ತಪ್ಪು ಇದೇ. ದೂರ ಹೋಗಲಿ ಅಂತ ಭಾರದ ತಲೆ ಹಾಕುವುದು. 10 ಅಡಿಯವರೆಗಿನ ನೀರಿಗೆ ಅರೆಕಾಲು ಔನ್ಸಿನಿಂದ ಶುರುಮಾಡಿ. ಗಾಳಿ ಬಂದರೆ, ಅಥವಾ 15, 20 ಅಡಿ ಆಳ ಬೇಕಾದರೆ ಕಾಲು ಔನ್ಸ್. ಸಣ್ಣ ತೊರೆಯಲ್ಲಿ 3 ಇಂಚಿನ ಗ್ರಬ್ಬಿಗೆ ವೀಸ ಸಾಕು.

ದಾರವೂ ಇದರಲ್ಲಿ ಸೇರುತ್ತದೆ. ದಪ್ಪ ದಾರ ನೀರನ್ನು ಜಾಸ್ತಿ ತಳ್ಳುತ್ತದೆ, ಗ್ರಬ್ಬನ್ನು ಮೇಲೆ ಹಿಡಿಯುತ್ತದೆ. 6ರಿಂದ 8 ಪೌಂಡ್ ತಾಳುವ ತೆಳ್ಳನೆಯ ದಾರ, ಏಳಡಿ ಹತ್ತಿರದ ಬಳುಕುವ ಸ್ಪಿನ್ನಿಂಗ್ ರಾಡ್ ಅಂದರೆ ಗಾಳದ ಕೋಲು, ಇದು ನನ್ನ ಜೋಡಿ. ಫ್ಲೂರೋಕಾರ್ಬನ್ ದಾರ ಮುಳುಗುತ್ತದೆ, ನೀರಿನಲ್ಲಿ ಕಾಣುವುದೂ ಕಡಿಮೆ. ಹಾಗಾಗಿ ತಿಳಿನೀರಿಗೆ ಅದೇ ವಾಸಿ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ. ಒಣ ಗಂಟು ಬಿಗಿಯುವಾಗಿನ ಬಿಸಿಗೇ ದಾರ ಸೋಲುತ್ತದೆ.

ಗ್ರಬ್ ಈಗ ಎಷ್ಟು ಆಳದಲ್ಲಿದೆ ಅಂತ ತಿಳಿಯುವುದು ಹೇಗೆ? ಎಣಿಸಿ. ಆಳ ಗೊತ್ತಿರುವ ಒಂದು ಜಾಗಕ್ಕೆ ಹೋಗಿ, ಉದಾಹರಣೆಗೆ 12 ಅಡಿ. ಗ್ರಬ್ ಬಿಟ್ಟು ಒಂದು, ಎರಡು ಅಂತ ಒಂದೇ ಸಮ ಎಣಿಸಿ. ತಳ ಮುಟ್ಟಿದಾಗ ದಾರ ಸಡಿಲವಾಗುತ್ತದೆ. 12 ಎಣಿಸಿದಾಗ ಮುಟ್ಟಿದರೆ ನಿಮ್ಮ ಗ್ರಬ್ ಒಂದು ಎಣಿಕೆಗೆ ಒಂದಡಿ ಇಳಿಯುತ್ತದೆ. ಇನ್ನು ಮೇಲೆ 8 ಅಡಿ ಬೇಕಾದರೆ 8 ಎಣಿಸಿ ಸುತ್ತಲು ಶುರುಮಾಡಿ. ಮೀನು ಹೊಡೆದ ಎಣಿಕೆ ನೆನಪಿಟ್ಟುಕೊಳ್ಳಿ. ಮುಂದಿನ ಎಸೆತಕ್ಕೂ ಅದೇ ಎಣಿಕೆ. ತಲೆಯ ತೂಕವನ್ನೋ ದಾರವನ್ನೋ ಬದಲಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ.

ಎಳೆಯುವಾಗ ಕೈಗೆ ಕೆಲಸ ಇಲ್ಲ

ಎಸೆಯಿರಿ. ಎಣಿಸಿ. ರಾಡಿನ ತುದಿ ಸ್ವಲ್ಪ ಮೇಲಕ್ಕೆ ಹಿಡಿದು ನಿಧಾನವಾಗಿ, ಒಂದೇ ಸಮ ಸುತ್ತಿ. ಎಷ್ಟು ನಿಧಾನ? ಬಾಲ ಆಡುವ ಅತಿ ಕಡಿಮೆ ವೇಗ ಯಾವುದೋ ಅದಕ್ಕಿಂತ ಒಂದೇ ಒಂದು ಚೂರು ಜಾಸ್ತಿ. ಕಾಲ ಬುಡದಲ್ಲಿ ಎಳೆದು ನೋಡಿದಾಗ ಆ ವೇಗ ಕಣ್ಣಿಗೆ ಬಿದ್ದಿರುತ್ತದೆ. ಆಮೇಲೆ ಅಲುಗಿಸಬೇಡಿ, ಕುಣಿಸಬೇಡಿ, ನಿಲ್ಲಿಸಬೇಡಿ. ಮೊದಮೊದಲು ಇದು ಕಷ್ಟ. ಏನಾದರೂ ಮಾಡಬೇಕು ಅಂತ ಕೈ ತುಡಿಯುತ್ತದೆ. ಆದರೆ ಸಣ್ಣ ಮೀನುಗಳು ನೀರಿನಲ್ಲಿ ಹೋಗುವುದನ್ನು ನೋಡಿ. ಅವು ಕುಣಿಯುವುದಿಲ್ಲ. ಸುಮ್ಮನೆ ಹೋಗುತ್ತಿರುತ್ತವೆ.

ಫೆಬ್ರವರಿ, ಮಾರ್ಚಿನಲ್ಲಿ ಟೇಬಲ್ ರಾಕ್ ನೀರು 45ರಿಂದ 55 ಡಿಗ್ರಿ ಫ್ಯಾರನ್‌ಹೀಟ್ ಇರುವಾಗ ಈ ಎಳೆತಕ್ಕೆ ಸಮ ಇನ್ನೊಂದಿಲ್ಲ. ಶ್ಯಾಡ್ ಅನ್ನುವ ಬೆಳ್ಳಿಬಣ್ಣದ ಸಣ್ಣ ಮೀನುಗಳು ಮುಳುಗಿದ ಸೀಡರ್ ಮರಗಳ ತಲೆಯ ಮೇಲೆ ಗುಂಪು ಕಟ್ಟಿರುತ್ತವೆ. ಬಾಸ್ ಅವುಗಳ ಕೆಳಗೆ ತೇಲುತ್ತಾ ಕಾಯುತ್ತದೆ. ಗ್ರಬ್ ಮೀನಿಗಿಂತ ಸ್ವಲ್ಪ ಮೇಲೆ ಹೋಗಬೇಕು. ಬಾಸ್ ಮೇಲಕ್ಕೆ ಏರಿ ಬಂದು ಹೊಡೆಯುತ್ತದೆ, ಕೆಳಕ್ಕೆ ಇಳಿದು ಬರುವುದು ಕಡಿಮೆ. ಆದ್ದರಿಂದ ಆಳ ಸರಿಯಾಗಿ ಗೊತ್ತಿಲ್ಲದಿದ್ದರೆ ಒಂದೆರಡು ಎಣಿಕೆ ಕಡಿಮೆ ಎಣಿಸುವುದೇ ಮೇಲು.

ಮೀನು ಬಂದದ್ದು ಗೊತ್ತಾಗುವ ರೀತಿ ಬೇರೆ ಬೇರೆ. ಕೆಲವು ಸಲ ತಟ್ ಅಂತ ಕೈಗೆ ಬಡಿಯುತ್ತದೆ. ತಣ್ಣೀರಿನಲ್ಲಿ ಹೆಚ್ಚಾಗಿ ಹಾಗಾಗುವುದಿಲ್ಲ. ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ ಮೆಲ್ಲಗೆ ಭಾರವಾಗುತ್ತದೆ, ಅಷ್ಟೇ. ಕೆಲವೊಮ್ಮೆ ಇದ್ದಕ್ಕಿದ್ದಂತೆ ದಾರ ಸಡಿಲವಾಗುತ್ತದೆ. ಮೀನು ಹಿಂದಿನಿಂದ ಬಂದು ತಗೊಂಡು ನಿಮ್ಮ ಕಡೆಗೇ ಈಜುತ್ತಿದೆ ಅಂತ ಅರ್ಥ.

ಆಗ ಏನು ಮಾಡಬೇಕು? ಜಗ್ಗಬೇಡಿ. ಸುತ್ತುತ್ತಲೇ ಇರಿ. ಬಾಸ್ ಬಾಲದ ತುದಿ ಹಿಡಿದು ಪರೀಕ್ಷಿಸುತ್ತಿರಬಹುದು. ಜಗ್ಗಿದರೆ ಗ್ರಬ್ ಬಾಯಿಂದ ಕಿತ್ತು ಬರುತ್ತದೆ. ವೇಗ ಬದಲಿಸದೆ ಎಳೆದರೆ ಮತ್ತೆ ಮುಂದೆ ಬಂದು ಪೂರ್ತಿ ತಗೊಳ್ಳುತ್ತದೆ. ಭಾರ ಗಟ್ಟಿಯಾಗಿ ನಿಂತ ಮೇಲೆ ರಾಡನ್ನು ಒಂದು ಪಕ್ಕಕ್ಕೆ ಜೀಕಿ. ಮೊನೆ ಹೊರಗೇ ಇದೆ, ತಂತಿ ತೆಳ್ಳಗಿದೆ. ಅಷ್ಟು ಸಾಕು.

ಪದೇ ಪದೇ ಟಿಕ್ ಟಿಕ್ ಅಂದು ಮೀನು ಸಿಗದಿದ್ದರೆ ಗ್ರಬ್ ಎತ್ತಿ ಬಾಲ ನೋಡಿ. ಬ್ಲೂಗಿಲ್ ಅನ್ನುವ ಪುಟ್ಟ ಮೀನುಗಳು ಬಾಲ ಕತ್ತರಿಸಿಕೊಂಡು ಹೋಗಿರುತ್ತವೆ. ಬಾಲ ಇಲ್ಲದ ಗ್ರಬ್ಬನ್ನು ಅರ್ಧ ಗಂಟೆ ಎಳೆಯುವುದು ಯಾರಿಗೂ ಆಗಬಹುದು.

ಈಜಿಸುವುದೊಂದೇ ದಾರಿಯಲ್ಲ. ನೀರು ಬೆಚ್ಚಗಾಗಿ ಮೀನು ತಳದ ಕಲ್ಲುಗಳಿಗೆ ಇಳಿದಾಗ ಗ್ರಬ್ಬನ್ನೂ ತಳಕ್ಕೆ ಬಿಡಿ. ರಾಡಿನಿಂದ ಒಂದಡಿ ಎತ್ತಿ, ಮತ್ತೆ ಬೀಳಲು ಬಿಡಿ. ಬೀಳುವಾಗಲೂ ಬಾಲ ಆಡುತ್ತದೆ, ಮೀನು ಹೊಡೆಯುವುದು ಹೆಚ್ಚಾಗಿ ಆಗಲೇ. ಹಾಗಾಗಿ ಬೀಳುವಾಗ ದಾರವನ್ನು ತೀರಾ ಸಡಿಲ ಬಿಡಬಾರದು. ಎರಡು ಬಾಲ ಮತ್ತು ಮುಂದೆ ರಬ್ಬರ್ ಗೊಂಡೆ ಇರುವ ಹುಲಾ ಗ್ರಬ್ ಅಂತ ಒಂದಿದೆ. ಅದನ್ನು ಅಡ್ಡಕ್ಕೆ ಅಗಲವಾದ ಫುಟ್ಬಾಲ್ ತಲೆಯ ಜಿಗ್ಗಿಗೆ ಹಾಕಿ ಕಲ್ಲಿನ ಮೇಲೆ ಮೆಲ್ಲಗೆ ಎಳೆದರೆ ಕ್ರೇಫಿಶ್ ತೆವಳಿದ ಹಾಗೆ ಕಾಣುತ್ತದೆ. ಕೊಂಡಿ ಇರುವ, ಸೀಗಡಿಯಂಥ ಆ ಪ್ರಾಣಿ ಸ್ಮಾಲ್‌ಮೌತ್‌ಗೆ ಪ್ರಾಣ.

ಕಸ, ಕೊಂಬೆ ಇರುವ ಕಡೆ

ಮೊನೆ ಹೊರಗಿರುವ ಜಿಗ್‌ಹೆಡ್ ಜೊಂಡಿನಲ್ಲಿ, ಕೊಂಬೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ಟೆಕ್ಸಾಸ್ ರಿಗ್, ಅಂದರೆ ಮೊನೆಯನ್ನು ಹುಳುವಿನೊಳಗೆ ಅಡಗಿಸಿ ಕಟ್ಟುವ ಬಗೆ. ದಾರಕ್ಕೆ ಮೊದಲು ಬುಲೆಟ್ಟಿನ ಆಕಾರದ ಗುಂಡು ಪೋಣಿಸಿ, ಆಮೇಲೆ ಕಣ್ಣಿನ ಹತ್ತಿರ ಎರಡು ಮಡಿಕೆ ಇರುವ ಕೊಕ್ಕೆ ಕಟ್ಟಿ. ಮೊನೆಯನ್ನು ಗ್ರಬ್ಬಿನ ಮೂತಿಗೆ ಕಾಲು ಇಂಚು ಚುಚ್ಚಿ ಹೊಟ್ಟೆಯ ಕಡೆ ಹೊರತೆಗೆಯಿರಿ. ಮಡಿಕೆಯವರೆಗೆ ಎಳೆದು, ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿ, ಮೊನೆಯನ್ನು ಮೈಯೊಳಗೆ ಮತ್ತೆ ಚುಚ್ಚಿ. ಬೆನ್ನಿನ ಹೊರಪದರದಡಿ ಮೊನೆ ಅಡಗಿರಲಿ. ಈಗ ಕೊಂಬೆಗೆ ಸಿಗುವುದಿಲ್ಲ.

ಇದಕ್ಕೊಂದು ಬೆಲೆ ಇದೆ. ಮೊನೆ ಮೊದಲು ಪ್ಲಾಸ್ಟಿಕ್ ದಾಟಬೇಕು, ಆಮೇಲೆ ಮೀನಿನ ಬಾಯಿ. ಹಾಗಾಗಿ ಇಲ್ಲಿ ಜೋರಾಗಿ ಜಗ್ಗಲೇಬೇಕು, ದಾರವೂ 10, 12 ಪೌಂಡಿನದ್ದು ಬೇಕು. ಗ್ರಬ್ಬಿನ ಮೈ ಗಿಡ್ಡ, ದಪ್ಪ. ಜಗ್ಗಿದಾಗ ಅದು ಕೊಕ್ಕೆಯ ಬಾಗಿನಲ್ಲಿ ಮುದ್ದೆಯಾಗುತ್ತದೆ. ಆದ್ದರಿಂದ ಬಾಯಿ ಅಗಲ ಇರುವ ಕೊಕ್ಕೆಯನ್ನೇ ಆರಿಸಿ. ನಿಜ ಹೇಳಬೇಕು ಅಂದರೆ, ದಟ್ಟ ಕಸಕ್ಕೆ ಗ್ರಬ್ಬಿಗಿಂತ ಉದ್ದನೆಯ ಪ್ಲಾಸ್ಟಿಕ್ ಎರೆಹುಳು ಒಳ್ಳೆಯದು. ಅಲ್ಲಲ್ಲಿ ಕೊಂಬೆ ಇರುವ ಕಡೆಗೆ ಮಾತ್ರ ನಾನು ಗ್ರಬ್ಬನ್ನು ಹೀಗೆ ಕಟ್ಟುತ್ತೇನೆ.

ಬಣ್ಣದ ಬಗ್ಗೆ ಅಂಗಡಿಯಲ್ಲಿ ತಲೆ ತಿರುಗುವಷ್ಟು ಆಯ್ಕೆ ಇದೆ. ಮೂರು ಸಾಕು. ತಿಳಿನೀರಿಗೆ ಹೊಗೆಬಣ್ಣದ್ದು, ಒಳಗೆ ಮಿನುಗುವ ಚೂರುಗಳಿದ್ದರೆ ಶ್ಯಾಡ್ ಹಾಗೆಯೇ ಕಾಣುತ್ತದೆ. ತಳದಲ್ಲಿ ಎಳೆಯಲು ಹಸಿರು ಕಂದು ಬೆರೆತದ್ದು. ಮಳೆ ಬಂದು ನೀರು ಕದಡಿದಾಗ ಬಿಳಿ ಅಥವಾ ಎದ್ದು ಕಾಣುವ ಹಳದಿ ಹಸಿರು. ಆಳ ತಪ್ಪಿದ ಗ್ರಬ್ಬನ್ನು ಯಾವ ಬಣ್ಣವೂ ಕಾಪಾಡುವುದಿಲ್ಲ.

ನೀರಿಗೆ ಬಿಟ್ಟು ಬರಬಾರದ್ದು

ಸೀಸ ವಿಷ. ಲೂನ್ ಅನ್ನುವ ನೀರುಹಕ್ಕಿ ಕಳಚಿಬಿದ್ದ ಸಣ್ಣ ಸೀಸದ ಗುಂಡು, ಜಿಗ್ ನುಂಗಿ ಸಾಯುತ್ತದೆ. ಅದಕ್ಕೇ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸಿಹಿನೀರಿನಲ್ಲಿ ಒಂದು ಔನ್ಸ್ ಮತ್ತು ಅದಕ್ಕಿಂತ ಕಡಿಮೆ ತೂಕದ ಸೀಸದ ಗುಂಡು, ಜಿಗ್ ಬಳಸುವಂತಿಲ್ಲ. ಟಂಗ್‌ಸ್ಟನ್ ದುಬಾರಿ, ಆದರೆ ಸೀಸಕ್ಕಿಂತ ಬಹಳ ಸಾಂದ್ರ. ಅದೇ ತೂಕಕ್ಕೆ ತಲೆ ಚಿಕ್ಕದಾಗುತ್ತದೆ, ಗಟ್ಟಿ ಇರುವುದರಿಂದ ತಳದ ಕಲ್ಲು ಕೈಗೆ ಚೆನ್ನಾಗಿ ತಿಳಿಯುತ್ತದೆ. ನಾನು ಒಂದೊಂದಾಗಿ ಬದಲಿಸುತ್ತಾ ಬಂದಿದ್ದೇನೆ.

ಲೈಸೆನ್ಸ್ ಮರೆಯಬೇಡಿ. ಪ್ರತಿ ರಾಜ್ಯಕ್ಕೂ ಬೇರೆ. ಟೇಬಲ್ ರಾಕ್ ಮಿಸೌರಿಯಿಂದ ಅರ್ಕನ್ಸಾಸಿಗೂ ಚಾಚಿಕೊಂಡಿದೆ, ದೋಣಿಯಲ್ಲಿ ಹೋಗುವಾಗ ಗಡಿ ದಾಟಿದ್ದೇ ತಿಳಿಯುವುದಿಲ್ಲ. ಎಷ್ಟು ಉದ್ದದ ಮೀನು ಇಟ್ಟುಕೊಳ್ಳಬಹುದು ಅನ್ನುವುದನ್ನೂ ಆ ವರ್ಷದ ನಿಯಮದಲ್ಲಿ ನೋಡಿಕೊಳ್ಳಿ.

ಬಾಸನ್ನು ಬೇರೆ ನೀರಿಗೆ ಒಯ್ಯುವ ಯೋಚನೆ ಯಾರಿಗೂ ಬರಬಾರದು. ಜಪಾನಿನ ಆಶಿ ಸರೋವರಕ್ಕೆ 1925ರಲ್ಲಿ ಲಾರ್ಜ್‌ಮೌತ್ ತಂದು ಬಿಟ್ಟರು. ಅದು ಹರಡಿ ಅಲ್ಲಿನ ಮೀನುಗಳನ್ನು ತಿನ್ನತೊಡಗಿತು. 2005ರಲ್ಲಿ ಜಪಾನ್ ಅದನ್ನು ಹೊರಗಿನ ಹಾನಿಕಾರಕ ಜೀವಿಗಳ ಪಟ್ಟಿಗೆ ಸೇರಿಸಿತು. ಜಾರ್ಜಿಯಾದಲ್ಲಿ 1932ರಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡ್ 4 ಔನ್ಸಿನ ವಿಶ್ವದಾಖಲೆಯನ್ನು 2009ರಲ್ಲಿ ಸರಿಗಟ್ಟಿದ ಲಾರ್ಜ್‌ಮೌತ್ ಕೂಡ ಜಪಾನಿನದೇ, ಬಿವಾ ಸರೋವರದ್ದು. ಅಷ್ಟು ಚೆನ್ನಾಗಿ ಅದು ಅಲ್ಲಿ ಬೇರುಬಿಟ್ಟಿದೆ. ನಮ್ಮ ಕೆರೆಗಳಿಗೆ ಅಂಥದ್ದು ಬೇಡ.

ಹಿಡಿದ ಮೀನನ್ನು ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಒಣಕೈ ಅದರ ಮೈಮೇಲಿನ ಲೋಳೆ ಒರೆಸಿಬಿಡುತ್ತದೆ, ಆ ಲೋಳೆಯೇ ಅದಕ್ಕೆ ರಕ್ಷಣೆ. ಕೆಳದವಡೆ ಹಿಡಿದರೆ ಇನ್ನೊಂದು ಕೈ ಹೊಟ್ಟೆಯಡಿ ಕೊಡಿ, ದೊಡ್ಡ ಮೀನಾದರೆ ಖಂಡಿತ ಕೊಡಿ. ಕೊಕ್ಕೆಯನ್ನು ಇಕ್ಕಳದಿಂದ ಬಂದ ದಾರಿಯಲ್ಲೇ ತಿರುಗಿಸಿ ತೆಗೆಯಿರಿ.

ಅಷ್ಟು ಹೊತ್ತಿಗೆ ಗ್ರಬ್ಬಿನ ಮೂತಿ ಹರಿದಿರುತ್ತದೆ. ಮೂತಿಯನ್ನು ಕಾಲು ಇಂಚು ಕತ್ತರಿಸಿ ಮತ್ತೆ ಚುಚ್ಚಿದರೆ ಇನ್ನೊಂದೆರಡು ಮೀನಿಗೆ ಬರುತ್ತದೆ. ತೀರಾ ಹಾಳಾದದ್ದನ್ನು ನೀರಿಗೆ ಎಸೆಯಬೇಡಿ. ಅದು ಕೊಳೆಯುವುದಿಲ್ಲ. ಮೀನು ನುಂಗಿದರೆ ಹೊಟ್ಟೆಯಲ್ಲೇ ಉಳಿಯುತ್ತದೆ. ನನ್ನ ಜಾಕೆಟ್ಟಿನ ಎಡಜೇಬು ಹರಿದ ಗ್ರಬ್ಬುಗಳಿಗೇ ಮೀಸಲು. ಮನೆಗೆ ಬಂದ ಮೇಲೆ ಕಸದ ಬುಟ್ಟಿಗೆ ಸುರಿಯುತ್ತೇನೆ, ದಡದಲ್ಲಿ ಬೇರೆಯವರು ಬಿಟ್ಟುಹೋದದ್ದು ಸಿಕ್ಕಿದ್ದರೆ ಅದನ್ನೂ ಸೇರಿಸಿ.